ಮೂಸಿ ನೋಡಿದ ಬೇರು

ದೇವದುರ್ಗ, ಮಾನವಿ ಕಡೆ ಅಶ್ವಗಂಧದ ಬೇರು ಅಗೆದು ಮಾರುತ್ತ ತಿರುಗುತ್ತಿದ್ದವನು, ರಾಯಚೂರಿನ ಒಂದು ಲ್ಯಾಬಿನಲ್ಲಿ ಬಾಟ್ಲಿ ತೊಳೆಯೋ ಕೆಲಸಕ್ಕೆ ನಿಂತೆ. ಅಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ಅದೇ ಬೇರನ್ನು ಸಕ್ಕರೆ ನೀರಿನ ಬಾಟ್ಲಿಗಳಲ್ಲಿ ಬೆಳೆಸಿ, ಅದರ ಔಷಧದ ಕಸುವು ಹೆಚ್ಚಿಸಲು ಆರು ತಿಂಗಳಿಂದ ಒದ್ದಾಡುತ್ತಿದ್ದಳು. "ಹೊರಗಿನ ಗಾಳಿ ಸೋಕಿದ್ರ ಕೆಡ್ತಾವ, ಬಿರಡಿ ತೆಗೀಬ್ಯಾಡ್ರಿ ಅಣ್ಣಾ," ಅಂದಿದ್ದಳು.

ಮಣ್ಣು ಕಾಣದ ಬೇರಿಗೆ ಎಂಥ ಕಸುವು? ನಾವೋ ಮೂಸಿ ಬೇರು ತಿಳಿಯೋ ಮಂದಿ. ಆಕೆ ಊಟಕ್ಕೆ ಹೋದಾಗ ಹತ್ತಿಯ ಬಿರಡೆ ತೆಗೆದು ಒಂದೊಂದೇ ಬಾಟ್ಲಿ ಮೂಸಿದೆ. ಅಶ್ವಗಂಧಕ್ಕ ಇರೋ ಕುದುರೆ ವಾಸನೆ ಖರೇನ ಇತ್ತು.

ನಾಲ್ಕೇ ದಿನಕ್ಕೆ ಎಲ್ಲಾ ಬಾಟ್ಲಿಗೂ ಬೂಸು ಹಿಡೀತು.

"ನನ್ನ ಕೈನ ಹೊಲಸಿತ್ತೇನ್ರೀ ಅಣ್ಣಾ?" ಅಂತ ಕಣ್ಣೀರು ಒರೆಸಿಕೊಂಡು ಕೇಳಿದಳು.

"ಇರಬಹುದ್ರೀ ಅಕ್ಕಾರ," ಅಂದುಬಿಟ್ಟೆ.

ಅವತ್ತಿನಿಂದ ಆಕೆ ಚರ್ಮ ಸುಲಿಯೋ ಹಂಗ ಕೈಗೆ ಸ್ಪಿರಿಟ್ ಉಜ್ಜಿಕೊಳ್ಳತೊಡಗಿದಳು. ಅದು ಖಾಲಿಯಾದಾಗೆಲ್ಲ ತುಂಬಿಸಿ ಇಡೋದು ನನ್ನ ಕೆಲಸ. ಆ ಕೆಲಸ ಮಾತ್ರ ಒಂದಿನಾನೂ ತಪ್ಪಿಸಲಿಲ್ಲ ನಾನು.