ಊರಿನ ಕಡೆ ಮುಖ ಮಾಡಿದ ಮಣ್ಣಿನ ನಾಯಿ

ಮಣ್ಣಿನ ನಾಯಿಗಳನ್ನು ನಾನು ಎಂದೂ ನಂಬಿದವಳಲ್ಲ. ನಮ್ಮೂರ ದೇವರಕಾಡಿನಲ್ಲಿ ಅಯ್ಯಪ್ಪನ ಕಲ್ಲಿನ ಸುತ್ತ ಸಾಲಾಗಿ ನಿಂತಿರುವ ಅವುಗಳನ್ನು ನೀವೂ ನೋಡಿದ್ದೀರಿ. ದನವನ್ನು ಹುಲಿ ಹಿಡಿಯದಿರಲಿ, ಗದ್ದೆಗೆ ಆನೆ ಇಳಿಯದಿರಲಿ ಎಂದು ಹರಕೆ ಹೊತ್ತವರು ಕುಂಬಾರರಿಂದ ತಂದು ಇಡುತ್ತಾರೆ. ನಮ್ಮವರು ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು. ನಿಮ್ಮ ಅಜ್ಜ ಇದ್ದಾಗ ಆ ದಾರಿಯಲ್ಲಿ ಹೋಗುವಾಗಲೆಲ್ಲ ಅವುಗಳನ್ನು ಕಂಡು ನಾವಿಬ್ಬರೂ ನಗುತ್ತಿದ್ದೆವು. ಸುಟ್ಟ ಮಣ್ಣು ಯಾರನ್ನು ಕಾಯುತ್ತದೆ ಎಂದುಕೊಳ್ಳುತ್ತಿದ್ದೆ. ಈಗಲೂ ಹಾಗೇ ಹೇಳಬೇಕೆಂದು ಆಸೆ, ಆದರೆ ಒಂದು ಸಂಗತಿ ನಡೆದುಹೋಗಿದೆ. ಎದುರು ಕೂತು ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀವು ದೊಡ್ಡಜ್ಜಿ ಎಂದು ಕರೆಯುವ ಶಾರದಕ್ಕನ ಮನೆಯಲ್ಲಿ ನಾನು ಒಂದು ಲೋಟ ನೀರೂ ಕುಡಿಯುವುದಿಲ್ಲ ಏಕೆ ಎಂದು ಕೇಳುತ್ತೀರಲ್ಲ, ಅದಕ್ಕೂ ಉತ್ತರ ಇದರಲ್ಲೇ ಇದೆ.

ಆಗ ನಿಮ್ಮ ಅಜ್ಜ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನಿಮ್ಮ ಅಮ್ಮನಿಗೆ ಪಿರಿಯಾಪಟ್ಟಣದ ಕಡೆಯ ಒಂದು ಸಂಬಂಧ ಕೂಡಿಬಂದು ಮಾತುಕತೆ ಅರ್ಧ ಮುಗಿದಿತ್ತು. ಮಳೆ ಬಿಟ್ಟ ಮೇಲೆ ಒಂದು ದಿನ ನಾನು ಕಾಡಂಚಿನಲ್ಲಿ ಹುಲ್ಲು ಕೊಯ್ದು ಬಂದು ಸ್ನಾನಕ್ಕೆ ಕೂತಾಗ ಬಲ ತೊಡೆಯ ಹಿಂದೆ ಏನೋ ಕೈಗೆ ಸಿಕ್ಕಿತು. ಉಣುಗು. ದನದ ಕಿವಿಯಲ್ಲಿ ಕಚ್ಚಿ ಕೂರುವಂಥದ್ದೇ, ಆದರೆ ಎಳ್ಳಿನಷ್ಟು ಸಣ್ಣದು. ಸೀಮೆಎಣ್ಣೆ ಹಚ್ಚಿ ಕಿತ್ತು ಒಲೆಗೆ ಎಸೆದೆ. ಹಾಗೆ ಮಾಡಬಾರದಂತೆ, ಚಿಮಟದಲ್ಲಿ ಬುಡ ಹಿಡಿದು ನೇರವಾಗಿ ಎಳೆಯಬೇಕಂತೆ. ನೀವು ನೆನಪಿಟ್ಟುಕೊಳ್ಳಿ.

ಹತ್ತು ದಿನದ ಮೇಲೆ ಅಲ್ಲೊಂದು ಕೆಂಪು ಉಂಗುರ ಎದ್ದು, ಹಿಗ್ಗುತ್ತಾ ಬಳೆಯಷ್ಟಾಯಿತು. ನೋವಿಲ್ಲ, ತುರಿಕೆಯಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಅದು ನನ್ನ ಕಣ್ಣಿಗೆ ಸರಿಯಾಗಿ ಕಾಣುವ ಜಾಗವಲ್ಲ. ಶಾರದಕ್ಕ ಎಂದರೆ ನಿಮ್ಮ ಅಜ್ಜನ ಅಣ್ಣನ ಹೆಂಡತಿ, ಗದ್ದೆಯಾಚೆಯ ಮನೆಯವಳು, ನನಗೆ ಹಿರಿಯಳು. ಅವಳನ್ನು ಕರೆದು ತೋರಿಸಿದೆ. ತೋರಿಸಿದ್ದು ಅವಳೊಬ್ಬಳಿಗೆ. "ಹುಳುಕಡ್ಡಿ ಕಣೇ, ಮುಲಾಮು ಹಚ್ಚು" ಎಂದಳು. ಹಚ್ಚಿದೆ. ಉಂಗುರ ತಾನಾಗಿ ಮಾಸಿತು. ಆಮೇಲೆ ಜ್ವರ ಬಂತು, ಮೈಯಲ್ಲಿ ಸುಸ್ತು ಬಂತು, ಬಲ ಮೊಣಕಾಲು ಊದಿಕೊಂಡಿತು. ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯಿಂದ ಸೋರಿಹೋಯಿತು. ಕನ್ನಡಿಯಲ್ಲಿ ನೋಡಿದರೆ ಬಾಯಿ ಒಂದು ಕಡೆಗೆ ವಾಲಿತ್ತು. ಎಡಗಣ್ಣು ಮುಚ್ಚುತ್ತಿರಲಿಲ್ಲ.

ಲಕ್ವ ಎಂದರು ಎಲ್ಲರೂ. ನಿಮ್ಮ ಅಮ್ಮ ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋದಳು. ಅಲ್ಲಿಯ ಡಾಕ್ಟರಮ್ಮ ಮೊಣಕಾಲು ಮುಟ್ಟಿ ನೋಡಿ, ಏನಾದರೂ ಕಚ್ಚಿತ್ತೇ ಎಂದು ಕೇಳಿದರು. ಆಗ ಉಣುಗು ನೆನಪಾಯಿತು. ರಕ್ತ ಪರೀಕ್ಷೆ ಮಾಡಿಸಿ, ಇದು ಲೈಮ್ ಎನ್ನುವ ಕಾಯಿಲೆ, ನಮ್ಮ ಕಡೆ ಅಪರೂಪ ಎಂದರು. ಉಂಗುರ ಇದ್ದಾಗಲೇ ಬಂದಿದ್ದರೆ ಕೆಲವು ವಾರದ ಮಾತ್ರೆಯಲ್ಲಿ ಗುರುತಿಲ್ಲದಂತೆ ಹೋಗುತ್ತಿತ್ತು, ಈಗ ನರಕ್ಕೂ ಕೀಲಿಗೂ ಇಳಿದಿದೆ, ವಾಸಿಯಾಗುತ್ತದೆ ಆದರೆ ತಾಳ್ಮೆ ಬೇಕು ಎಂದರು. ನಾಲ್ಕು ವಾರ ಮಾತ್ರೆ. ಮಾತ್ರೆಯ ಜೊತೆ ಹಾಲು ಕುಡಿಯಬಾರದು, ಬಿಸಿಲಿಗೆ ಹೋಗಬಾರದು. ಎರಡು ಹಸು ಕಟ್ಟಿದವಳಿಗೆ ಎಂಥ ಪಥ್ಯ ನೋಡಿ. ರಾತ್ರಿ ಎಡಗಣ್ಣಿಗೆ ಪ್ಲಾಸ್ಟರ್ ಅಂಟಿಸಿ ಮಲಗುತ್ತಿದ್ದೆ. ಮುಖದ ನರಕ್ಕೆ ಬಲ ಬರಲು ಬಲೂನು ಊದಿ ಎಂದಿದ್ದರು. ನಾನು ಒಲೆಯ ಊದುಗೊಳವೆ ಹಿಡಿದೆ. ಉಸಿರೆಲ್ಲ ತುಟಿಯ ಪಕ್ಕದಿಂದ ಜಾರಿಹೋಗುತ್ತಿತ್ತು, ಬೂದಿಯೂ ಅಲುಗುತ್ತಿರಲಿಲ್ಲ. ಬೆಂಕಿ ಹೊತ್ತಿಸಲಾಗದ ಹೆಂಗಸು ಎಂದು ಒಲೆಯ ಮುಂದೆ ಕೂತು ಅತ್ತಿದ್ದೇನೆ.

ಮಾತ್ರೆ ಮುಗಿಯುವ ಹೊತ್ತಿಗೆ ಮಹಿಳಾ ಸಂಘದ ಸಭೆಗೆ ನನ್ನ ಬದಲು ನಿಮ್ಮ ಅಮ್ಮ ಹೋದಳು. ಅವಳು ಬಾಗಿಲಿಗೆ ಬಂದದ್ದು ಗೊತ್ತಿಲ್ಲದೆ ಶಾರದಕ್ಕ ಒಳಗೆ ಹೇಳುತ್ತಿದ್ದಳಂತೆ.

"ಉಣುಗಂತೆ, ಉಣುಗು! ಗಂಡ ಇಲ್ದೋಳ ತೊಡೆ ಹುಡುಕ್ಕೊಂಡು ಅದ್ಯಾವ ಉಣುಗು ಬರ್ತದೆ ಹೇಳಿ? ಆ ಮಾತ್ರೆ ಎಂಥ ಕಾಯ್ಲೆಗೆ ಕೊಡೋದು ಅಂತ ಮೆಡಿಕಲ್ ಶಾಪ್‌ನೋರನ್ನೇ ಕೇಳಿದೀನಿ ನಾನು."

ಎಲ್ಲರೂ ನಕ್ಕರಂತೆ. ಅದೇ ಮಾತ್ರೆಯನ್ನು ಆ ಥರದ ಗುಪ್ತ ರೋಗಗಳಿಗೂ ಕೊಡುತ್ತಾರೆ ಎನ್ನುವುದು ನಿಜವೇ. ನಿಮ್ಮ ಅಮ್ಮ ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ವಾರದೊಳಗೆ ಪಿರಿಯಾಪಟ್ಟಣದವರು, ಹುಡುಗನಿಗೆ ಈ ವರ್ಷ ಬೇಡವಂತೆ ಎಂದು ಹೇಳಿ ಕಳಿಸಿದರು. ನನ್ನ ಕಾಯಿಲೆಯನ್ನು ನಾನು ಸಹಿಸಿದ್ದೆ. ಇದನ್ನು ಸಹಿಸಲಿಲ್ಲ. ಜಗಳವಾಡಲು ನನಗೆ ಬರುವುದಿಲ್ಲ, ಎತ್ತರದ ದನಿಯಲ್ಲಿ ಮಾತಾಡಿದರೇ ಕಣ್ಣಲ್ಲಿ ನೀರು ಬರುತ್ತದೆ. ಹಾಗಾಗಿ ಕುಂಬಾರರ ಮನೆಗೆ ಹೋಗಿ ಒಂದು ಮಣ್ಣಿನ ನಾಯಿ ತಂದೆ. ನಂಬಿ ತಂದೆನೇ? ಇಲ್ಲ. ಬೇರೆ ಏನು ಮಾಡಲೂ ತೋಚದೆ ತಂದೆ.

ಹರಕೆಯ ನಾಯಿಯನ್ನು ಕಾಡಿನ ಕಡೆಗೆ ಮುಖ ಮಾಡಿ ಇಡಬೇಕು, ಅದು ಅಲ್ಲಿಂದ ಬರುವುದನ್ನು ಕಾಯುತ್ತದೆ. ಮನುಷ್ಯರ ಮೇಲೆ ನಾಯಿ ಬಿಡುವ ಪದ್ಧತಿ ಅಲ್ಲಿ ಇಲ್ಲ. ನಾನು ಸಾಲಿನ ತುದಿಯಲ್ಲಿ ಸಣ್ಣ ಗುಂಡಿ ತೋಡಿ, ಅದರ ಕಾಲುಗಳನ್ನು ಇಳಿಸಿ, ಹಸಿ ಮಣ್ಣು ಹಾಕಿ ಹೆಬ್ಬೆರಳಿನಿಂದ ಒತ್ತಿ ಕೂರಿಸಿದೆ. ದೇವರಕಾಡಿನ ಬೇಲಿಯಿಂದ ಕೆಳಗೆ ನೋಡಿದರೆ ಎಡಕ್ಕೆ ಶಾರದಕ್ಕನ ಹೆಂಚಿನ ಮನೆ, ಗದ್ದೆ ದಾಟಿ ಬಲಕ್ಕೆ ನಮ್ಮದು, ಸೌದೆ ಕೊಟ್ಟಿಗೆಗೆ ನೀಲಿ ಟಾರ್ಪಾಲು ಹೊದಿಸಿದ್ದು. ನಾಯಿಯ ಮೂತಿಯನ್ನು ಎಡದ ಮನೆಗೆ ಸರಿಯಾಗಿ ಹಿಡಿದೆ. ಅಲ್ಲಿ ಕಸ ಗುಡಿಸುತ್ತಿದ್ದ ಚಂಗಪ್ಪಜ್ಜ ಹತ್ತಿರ ಬಂದರು. ಆ ಜಾಗ ನೋಡಿಕೊಳ್ಳುತ್ತಿದ್ದವರು ಅವರೇ.

"ಎಂಥಮ್ಮ ಇದು, ನಾಯಿ ಮುಖ ಊರ್ ಕಡೆ? ಊರೊಳಗೆ ಹುಲಿ ಉಂಟಾ?"

"ಉಂಟು ಅಜ್ಜ" ಎಂದೆ.

"ಹಾಗಾದ್ರೆ ಇರ್ಲಿ. ಇಟ್ಟ ಮೇಲೆ ನಾವ್ಯಾರೂ ಮುಟ್ಲಿಕ್ಕಿಲ್ಲ" ಎಂದು ನಗುತ್ತಾ ಹೋದರು.

ನನ್ನ ತೊಡೆಯಲ್ಲಿ ಎದ್ದ ಉಂಗುರ ಅವಳ ತೊಡೆಯಲ್ಲಿ ಏಳಲಿ, ನನ್ನ ಬಾಯಿ ತಿರುಗಿದ ಹಾಗೆ ಆ ಬಾಯಿ ತಿರುಗಲಿ. ಇದೇ ನಾನು ಬೇಡಿಕೊಂಡದ್ದು. ನಿಮ್ಮ ಅಜ್ಜಿ ಇಂಥದ್ದನ್ನೂ ಬೇಡಿಕೊಂಡವಳು ಎಂದು ನಿಮಗೆ ತಿಳಿದಿರಲಿ.

ಹನ್ನೆರಡನೇ ದಿನ ಮಧ್ಯಾಹ್ನ ಶಾರದಕ್ಕ ಬಂದಳು. ಬಾಗಿಲು ಮುಚ್ಚಿ ಸೀರೆ ಎತ್ತಿ ತೋರಿಸಿದಳು. ಅದೇ ಬಲ ತೊಡೆ, ಅದೇ ಹಿಂಭಾಗ, ಬಳೆಯಷ್ಟಗಲದ ಕೆಂಪು ಉಂಗುರ. "ನಿಂಗೂ ಹಿಂಗೇ ಇತ್ತಲ್ವೇನೇ? ನಾನು ಹುಲ್ಲಿಗೂ ಹೋಗಿಲ್ಲ, ದನಾನೂ ಮುಟ್ಟಿಲ್ಲ. ಯಾರಿಗೂ ಹೇಳ್ಬೇಡ ಮಾರಾಯ್ತಿ" ಎಂದಳು. ತಾನು ಊರಿಗೆಲ್ಲ ಹೇಳಿದ ಆ ರೋಗವೇ ತನಗೂ ಬಂತೆಂದು ಅವಳು ನಡುಗುತ್ತಿದ್ದಳು. ಡಾಕ್ಟರಮ್ಮ ಹೇಳಿದ್ದೆಲ್ಲ ನನಗೆ ನೆನಪಿತ್ತು. ಉಂಗುರ ಇದ್ದಾಗಲೇ ಹೋದರೆ ಏನು, ತಡವಾದರೆ ಏನು, ಎರಡೂ ಗೊತ್ತಿತ್ತು.

"ಹುಳುಕಡ್ಡಿ ಕಣಕ್ಕ, ಮುಲಾಮು ಹಚ್ಚು" ಎಂದೆ. "ಇಲ್ದಿದ್ರೆ ಆ ಮೆಡಿಕಲ್ ಶಾಪ್‌ನೋರನ್ನೇ ಕೇಳು."

ಅವಳು ನನ್ನ ಮುಖವನ್ನೇ ನೋಡಿ, ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಆ ಸಂಜೆ ಒಲೆ ಊದಿದರೆ ಉಸಿರು ಪೂರಾ ಕೊಳವೆಯೊಳಗೆ ಹೋಗಿ ಬೆಂಕಿ ಭಗ್ಗನೆ ಎದ್ದಿತು. ಅಷ್ಟು ಖುಷಿಯಿಂದ ನಾನು ಬಹಳ ಕಾಲದಿಂದ ಊಟ ಮಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ದೇವರಕಾಡಿಗೆ ಹೋದೆ, ನಾಯಿಗೆ ಕೃತಜ್ಞತೆ ಹೇಳಲು. ನಾಯಿ ಅಲ್ಲೇ ಇತ್ತು. ಅದರ ಮುಖ ಬಲಕ್ಕಿತ್ತು. ಬಗ್ಗಿ ಅದರ ಮೂತಿಯ ನೇರಕ್ಕೆ ಕಣ್ಣು ಹಾಯಿಸಿದರೆ ನಮ್ಮ ನೀಲಿ ಟಾರ್ಪಾಲು ಕಾಣುತ್ತಿತ್ತು. ಯಾರೋ ಕಿತ್ತು ತಿರುಗಿಸಿದ್ದಾರೆ ಎಂದು ಕಾಲಿನ ಬುಡ ನೋಡಿದೆ. ನಾನು ಒತ್ತಿದ ಮಣ್ಣು ಒಣಗಿ ಗಟ್ಟಿಯಾಗಿತ್ತು, ಒಂದು ಬಿರುಕೂ ಇರಲಿಲ್ಲ. ಅದರ ಮೇಲೆ ನನ್ನ ಹೆಬ್ಬೆರಳಿನ ಗುರುತುಗಳು ಹಾಗೆಯೇ ಇದ್ದವು. ಬೆರಳಿಟ್ಟು ನೋಡಿದೆ, ಸರಿಯಾಗಿ ಕೂತಿತು.

ಚಂಗಪ್ಪಜ್ಜನನ್ನು ಕರೆದೆ. ಅವರೂ ಬಗ್ಗಿ ಕಾಲಿನ ಬುಡ ನೋಡಿದರು. ಈ ಸಲ ನಗಲಿಲ್ಲ. "ಅಯ್ಯಪ್ಪನಾಣೆ ನಾನು ಮುಟ್ಟಿಲ್ಲ ಅಮ್ಮ. ಊರ್ ಕಡೆ ಇಟ್ಟ ನಾಯಿಗೆ ಯಾವ ಮನೆ ಅಂತ ನಾವು ಹೇಳ್ಲಿಕ್ಕೆ ಆಗ್ತದಾ?" ಎಂದಷ್ಟೇ ಹೇಳಿದರು.

ಇಳಿಜಾರಿನಲ್ಲಿ ಬರುವಾಗ ನನ್ನ ಎಡಗಣ್ಣಿನ ರೆಪ್ಪೆ ಅದುರಲು ಶುರುವಾಯಿತು. ಮನೆಯಲ್ಲಿ ನಾನೊಬ್ಬಳೇ ಇರಲಿಲ್ಲ, ನಿಮ್ಮ ಅಮ್ಮನೂ ಇದ್ದಳು. ನಾನು ಮನೆಗೆ ಹೋಗಿ ಡಾಕ್ಟರಮ್ಮನ ಚೀಟಿ ಹುಡುಕಿ ತೆಗೆದುಕೊಂಡು ನೇರವಾಗಿ ಶಾರದಕ್ಕನ ಬಾಗಿಲಿಗೆ ನಡೆದೆ. ಕರುಣೆಯಿಂದ ಅಲ್ಲ, ಹೆದರಿಕೆಯಿಂದ. "ಇವತ್ತೇ ಮೈಸೂರು ಬಸ್ಸು ಹತ್ತು. ಇದನ್ನ ತೋರ್ಸು. ಗುಣ ಆದ್ಮೇಲೆ ಸಂಘದಲ್ಲಿ ಎದ್ದು ನಿಂತು ನಿಜ ಹೇಳ್ಬೇಕು" ಎಂದೆ. ಆಯ್ತು ಆಯ್ತು ಎಂದು ಚೀಟಿ ಕಿತ್ತುಕೊಂಡಳು.

ಮೂರು ವಾರದ ಮಾತ್ರೆಗೆ ಅವಳಿಗೆ ಪೂರ್ತಿ ವಾಸಿಯಾಯಿತು. ಬಾಯಿ ತಿರುಗಲಿಲ್ಲ, ಕಾಲು ಊದಲಿಲ್ಲ. ಸಂಘದಲ್ಲಿ ಎದ್ದು ನಿಂತು ಹೇಳಿದಳು, ನನಗೆ ಉಣುಗು ಕಚ್ಚಿತ್ತು, ಅಪರೂಪದ ಕಾಯಿಲೆಯಂತೆ, ಸಾಯುವುದರಿಂದ ಉಳಿದೆ ಎಂದು. ಎಲ್ಲರೂ ಅಯ್ಯೋ ಎಂದು ಮರುಗಿ ಹಣ್ಣು ಹಿಡಿದುಕೊಂಡು ಅವಳ ಮನೆಗೆ ಹೋಗಿ ಬಂದರು. ನನ್ನ ಹೆಸರು ಅವಳು ಎತ್ತಲಿಲ್ಲ. ಆ ಪಿರಿಯಾಪಟ್ಟಣದ ಸಂಬಂಧ ಮತ್ತೆ ಬರಲಿಲ್ಲ. ನಿಮ್ಮ ಅಪ್ಪನ ಮನೆಯವರು ಬರುವ ತನಕ ಎರಡು ವರ್ಷ ನಿಮ್ಮ ಅಮ್ಮ ತಲೆ ತಗ್ಗಿಸಿಯೇ ಡೈರಿಗೆ ಹಾಲು ಹಾಕಿ ಬರುತ್ತಿದ್ದಳು. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಅವಳಿಗೆ ಉಣುಗು ಎಲ್ಲಿಂದ ಬಂತು ಎಂದು ಆಮೇಲೆ ಡಾಕ್ಟರಮ್ಮನನ್ನು ಕೇಳಿದೆ. ಸಾಕಿದ ನಾಯಿಯ ಮೈಮೇಲೆ ಬಂದಿರಬಹುದು ಎಂದರು. ಅದನ್ನು ಒಪ್ಪುತ್ತೇನೆ, ಅವಳ ಮನೆಯಲ್ಲಿ ನಾಯಿಯಿತ್ತು. ನಾನು ಇಡುವಾಗಲೇ ಕಣ್ಣು ಮಂಜಾಗಿ ಬಲಕ್ಕೆ ಇಟ್ಟಿದ್ದೆನೋ ಎಂದೂ ಯೋಚಿಸಿದ್ದೇನೆ. ಹಾಗೆ ಎಂದುಕೊಂಡ ಕೂಡಲೇ ಆ ಮೂತಿಯ ನೇರಕ್ಕೆ ಅಂದು ಕಂಡ ಹೆಂಚಿನ ಮನೆ ಕಣ್ಣ ಮುಂದೆ ಬರುತ್ತದೆ.

ಸಂಘದ ಆ ಸಭೆಯಾದ ಮರುದಿನ ನಾಯಿಯನ್ನು ಮತ್ತೆ ಎಡಕ್ಕೆ ತಿರುಗಿಸಬೇಕೆಂದು ಹಾರೆ ಹಿಡಿದುಕೊಂಡೇ ಹೋಗಿದ್ದೆ. ಮುಟ್ಟಲು ಕೈ ಬರಲಿಲ್ಲ. ಆಮೇಲೆ ವರ್ಷಕ್ಕೊಮ್ಮೆ ಹೋಗಿ ನೋಡಿ ಬರುತ್ತೇನೆ. ಕಳೆದ ಸಲ ಹೋದಾಗ ಇಷ್ಟು ಮಳೆಗಾಲಗಳಿಗೆ ಸವೆದು ಅದರ ಮೂತಿ ಉದುರಿತ್ತು, ಬಾಲವೂ ಉದುರಿತ್ತು, ಮೇಲೆಲ್ಲ ಪಾಚಿ. ಹಿಂದು ಯಾವುದು, ಮುಂದು ಯಾವುದು ಎಂದು ತಿಳಿಯಲಿಲ್ಲ. ಎರಡೂ ಕಡೆಯಿಂದ ಬಗ್ಗಿ ನೋಡಿದೆ. ಆಮೇಲೆ ನೋಯುವ ಮೊಣಕಾಲನ್ನು ಒತ್ತಿ ಹಿಡಿದು ಎದ್ದು, ಯಾವ ಮನೆಯ ಕಡೆಗೂ ನೋಡದೆ ಇಳಿದು ಬಂದೆ.