ಕುಂಕುಮ ಹಚ್ಚಿದ ಟೇಪು

ನಮ್ಮ ಆಫೀಸು ಇದ್ದದ್ದು ಬಸವೇಶ್ವರನಗರದ ಒಂದು ಮನೆಯ ಮಹಡಿಯಲ್ಲಿ. ಕೆಳಗೆ ಸಾಹೇಬರು ಮತ್ತು ನಾನು ಆಂಟಿ ಎನ್ನುತ್ತಿದ್ದ ಅವರ ಹೆಂಡತಿ, ಮೇಲೆ ಬಾಡಿಗೆಗೆ ತಂದ ಒಂದು ಕಂಪ್ಯೂಟರು ಮತ್ತು ನಾನು. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕಾರ್ಖಾನೆಯ ಬಿಡಿಭಾಗಗಳ ನಕ್ಷೆ ಬರೆಯುವ ಪ್ರೋಗ್ರಾಮು ಮಾಡಿದ್ದೆವು. ರಾಜಾಜಿನಗರದ ಕಾರ್ಖಾನೆ ಯಜಮಾನರೊಬ್ಬರು ನೋಡಿ ಒಪ್ಪಿದರೆ ಆಫೀಸು ಉಳಿಯುತ್ತದೆ, ಇಲ್ಲದಿದ್ದರೆ ಮಷೀನು ವಾಪಸ್ಸು, ನಾನು ಮನೆಗೆ. ಮನೆಯಲ್ಲಿ ಅಮ್ಮ ಆಗಲೇ ನನ್ನ ಜಾತಕ ಹಿಡಿದು ಕೂತಿದ್ದಳು.

ಒಳ್ಳೆಯ ದಿನ ಎಂದು ಯಜಮಾನರು ವಿಜಯದಶಮಿಗೇ ಬರುತ್ತೇನೆಂದರು. ಹಿಂದಿನ ದಿನ ನಮ್ಮಲ್ಲಿ ಆಯುಧಪೂಜೆ. ಸಾಹೇಬರು ಬೆಳಿಗ್ಗೆಯೇ ಜೇಡರಬಲೆ ಹೊಡೆದು, ನೆಲ ಸಾರಿಸಿ, ಸಾಲದ್ದಕ್ಕೆ ಬೇಡವೆನಿಸಿದ ಫೈಲು ಅಳಿಸಿ ಡಿಸ್ಕಿನ ಕಸವನ್ನೂ ಗುಡಿಸಿದ್ದರಂತೆ. ನಾನು ಹೋಗುವ ಹೊತ್ತಿಗೆ ಆಂಟಿ ಪರದೆಗೆ ಮೂರೆಳೆ ವಿಭೂತಿ ಎಳೆದು, ಕುಂಕುಮವಿಟ್ಟು, ಸೇವಂತಿಗೆ ಮುಡಿಸಿಯಾಗಿತ್ತು. ಪ್ರೋಗ್ರಾಮಿನ ಸಾಮಾನೆಲ್ಲ ನಕಲು ಮಾಡಿಟ್ಟಿದ್ದ ಒಂದೇ ಒಂದು ಟೇಪನ್ನೂ ಬಿಟ್ಟಿರಲಿಲ್ಲ. ಅದಕ್ಕೂ ಗಂಧ, ಕುಂಕುಮ.

"ಸಾರ್, ಒಂದೇ ಒಂದ್ಸಲ ಓಡ್ಸಿ ನೋಡ್ಬಿಡ್ತೀನಿ," ಎಂದೆ.

"ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಟಬಾರ್ದು ಕಣಮ್ಮ. ನಾಳೆ ಮಂಗಳಾರತಿ ಆದ್ಮೇಲೇ."

ಬೂದುಗುಂಬಳಕಾಯಿ ಒಡೆದು, ಕೈತುಂಬ ಪುರಿ ಕೊಟ್ಟು ಕಳಿಸಿದರು. ಪುರಿ ತಿಂದುಕೊಂಡು ಮನೆಗೆ ಹೋದೆ, ಇನ್ನೇನು ಮಾಡಲಿ.

ಮರುದಿನ ಯಜಮಾನರು ಬಂದರು. ಪ್ರೋಗ್ರಾಮು ಚೆನ್ನಾಗಿಯೇ ಶುರುವಾಯಿತು. ನೇರ ಗೆರೆಗಳು ಬಂದವು, ಅವರು ತಲೆದೂಗಿದರು. "ಈ ಮೂಲೆ ದುಂಡಗೆ ಮಾಡಿ ತೋರ್ಸಮ್ಮ," ಎಂದರು. ಕೀಲಿ ಒತ್ತಿದೆ. ನಕ್ಷೆ ಮಾಯವಾಗಿ ಒಂದೇ ಸಾಲು ಉಳಿಯಿತು: ಅನ್‌ಡಿಫೈನ್ಡ್ ಸಿಂಬಲ್. ಅದರ ಮುಂದೆ ಕಮಾನು ಬರೆಯುವ ಫಂಕ್ಷನ್ನಿನ ಹೆಸರು. ಅಂದರೆ, ಈ ಹೆಸರಿನದು ಎಲ್ಲೂ ಸಿಗಲಿಲ್ಲ ಎಂದು.

ಪ್ರೋಗ್ರಾಮು ಎಲ್ಲವನ್ನೂ ತಾನೇ ಹೊತ್ತು ತಿರುಗುವುದಿಲ್ಲ. ಕೆಲವು ಕೆಲಸಗಳನ್ನು ಓಡುವಾಗ ಲೈಬ್ರರಿ ಎಂಬ ಇನ್ನೊಂದು ಫೈಲಿನಿಂದ ಎರವಲು ತರುತ್ತದೆ. ಅದೂ ಬೇಕಾದ ಗಳಿಗೆಯಲ್ಲೇ ಹೋಗಿ ಕೇಳುತ್ತದೆ, ಅಲ್ಲಿಯವರೆಗೆ ಎಲ್ಲ ಸರಿಯಿದೆ ಎಂದೇ ನಾವು ನಂಬಿಕೊಂಡಿರುತ್ತೇವೆ. ಲೈಬ್ರರಿಯೊಳಗಿನ ಹೆಸರುಗಳನ್ನೆಲ್ಲ ಪರದೆಗೆ ತರಿಸಿದೆ. ಗೆರೆ ಇತ್ತು, ವೃತ್ತ ಇತ್ತು, ಕಮಾನು ಇಲ್ಲ. ತಾರೀಖು ನೋಡಿದರೆ ಅದು ಹಳೆಯ ಲೈಬ್ರರಿ. ಹೊಸದು ಡಿಸ್ಕಿನಲ್ಲೇ ಇರಲಿಲ್ಲ.

"ಸಾರ್, ಹೊಸ ಲೈಬ್ರರಿ ಎಲ್ಲಿ?"

ಅವರ ಮುಖ ಬಿಳಿಚಿಕೊಂಡಿತು. "ಒಂದೇ ಹೆಸರಿನವು ಎರಡಿದ್ವಲ್ಲಮ್ಮ... ಒಂದು ಸಾಕು ಅಂತ ದೊಡ್ಡದನ್ನ ತೆಗ್ದುಬಿಟ್ಟೆ."

ಅಯ್ಯೋ ನನ್ನ ಕರ್ಮವೇ! ಎರಡು ಸೌಟಿದ್ದರೆ ಒಂದನ್ನು ಎಸೆಯುವವರುಂಟೇ? ದೊಡ್ಡವರು, ಬಾಯಿಬಿಟ್ಟು ಬಯ್ಯುವಂತಿಲ್ಲ. ಹಲ್ಲು ಕಚ್ಚಿಕೊಂಡು ಟೇಪು ಎತ್ತಿಕೊಂಡೆ. ಅದರ ಬಾಯಿಯೊಳಕ್ಕೇ ಗಂಧ ಇಳಿದು ಒಣಗಿತ್ತು, ಮೇಲೆ ಕುಂಕುಮ. ಸೆರಗಿನಿಂದ ಒರೆಸಿದೆ, ಊದಿದೆ. ಡ್ರೈವಿಗೆ ಹಾಕಿದರೆ ಕರಕರ ಎಂದು ನಿಂತಿತು. ಮತ್ತೆ ಹಾಕಿದೆ, ಮತ್ತೆ ಅದೇ.

"ಲೈಬ್ರರಿ ಕೊಟ್ಟ ಬೊಂಬಾಯಿ ಕಂಪ್ನಿಯಿಂದ ಬೇರೆ ಟೇಪ್ ತರಿಸ್ತೀವಿ ಸಾರ್, ಸ್ವಲ್ಪ ಟೈಮ್ ಕೊಡಿ," ಎಂದು ಸಾಹೇಬರು ಅಂಗಲಾಚಿದರು.

"ಒಳ್ಳೇ ದಿನವೇ ಹಿಂಗಾಯ್ತಲ್ಲ... ಶಕುನ ಸರಿಯಿಲ್ಲ, ಬಿಡಿ," ಎಂದು ಯಜಮಾನರು ಎದ್ದೇಬಿಟ್ಟರು.

ಆಂಟಿ ಕೇಸರಿಬಾತಿನ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದಾಗ ಕುರ್ಚಿ ಖಾಲಿ. ಸಾಹೇಬರು ತಲೆ ಎತ್ತಲಿಲ್ಲ. ಆಂಟಿ ನನ್ನ ಕೆಂಪಾದ ಸೆರಗು ನೋಡಿದರು, ಟೇಪು ನೋಡಿದರು.

"ನಾನು ಹಚ್ಚಿದ್ದಕ್ಕೇ ಹಿಂಗಾಯ್ತೇನಮ್ಮ?"

ನನ್ನ ನಾಲಿಗೆಯೇನೂ ಸುಮ್ಮನಿರುವಂಥದ್ದಲ್ಲ. ಆದರೂ ಆ ಮುಖ ನೋಡಿ, "ಇಲ್ಲ ಆಂಟಿ, ಮಷೀನೇ ಸರಿಯಿರ್ಲಿಲ್ಲ," ಎಂದೆ.

ಮಷೀನು ಒಯ್ಯಲು ಟೆಂಪೋ ಬಂದ ದಿನ ಆಂಟಿ ಒದ್ದೆ ಬಟ್ಟೆ ತಂದು ಪರದೆಯ ಕುಂಕುಮ ಒರೆಸಿದರು. "ಇನ್ನೊಬ್ರ ಮನೆಗೆ ಹೋಗೋದು, ಚೊಕ್ಕವಾಗಿರ್ಲಿ," ಎಂದರು.

ದೀಪಾವಳಿ ಕಳೆದ ಮೇಲೆ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದರು. ಅಮ್ಮ ಹೂ ಮುಡಿಸಿ, ಹಣೆಗೆ ಕುಂಕುಮವಿಟ್ಟಳು. ನಾನು ಅಲುಗಾಡದೆ ಕೂತಿದ್ದೆ. ಆಮೇಲೆ ಯಾವ ಕಂಪ್ಯೂಟರನ್ನೂ ಮುಟ್ಟಲಿಲ್ಲ.