ಫ್ರೀಕತ್ತಿ ಅಂದರೆ ಏನು

ಟೈಫಾಯ್ಡ್ ಬಂದು ಕೂದಲು ಉದುರಿದ ಮೇಲೆ ನನ್ನ ಚಿಕ್ಕಮ್ಮ ಗುಂಡ್ಲುಪೇಟೆಯ ಬ್ಯೂಟಿ ಪಾರ್ಲರಿಗೆ ಹೋಗಿ, ಉಳಿದಿದ್ದನ್ನು ಭುಜದ ಮಟ್ಟಕ್ಕೆ ಕತ್ತರಿಸಿಕೊಂಡು ಬಂದಳು. ಆಗ ಅವಳಿಗೆ ನಲವತ್ತು ದಾಟಿತ್ತು. ಕೂದಲು ಮತ್ತೆ ಹುಲುಸಾಗಿ ಬಂದರೂ ಅವಳು ಜಡೆಗೆ ಮರಳಲಿಲ್ಲ. ಜೊತೆಗೆ ಚೂಡಿದಾರ, ಬಿಳಿ ಶೂ. ಅವರೂರು ತೆರಕಣಾಂಬಿಯ ಓರಗಿತ್ತಿಯರು ಇದಕ್ಕೆ ಶೋಕಿ ಎಂದರು. ನಮ್ಮ ಕಡೆ ಗಂಡಸು ಶೋಕಿ ಮಾಡಿದರೆ ನಗುತ್ತಾರೆ. ಮದುವೆಯಾದ ಹೆಂಗಸು ಮಾಡಿದರೆ ಅದೇ ಮಾತಿಗೆ ಬೇರೆ ಅರ್ಥ ಬರುತ್ತದೆ. ಚಿಕ್ಕಪ್ಪ ಅದನ್ನು ಕೇಳಿ ಒಳಗೇ ಕುದಿಯುತ್ತಿದ್ದರು, ಯಾರಿಗೂ ಏನೂ ಹೇಳುತ್ತಿರಲಿಲ್ಲ.

ಓಣಂ ಹಬ್ಬ ಹತ್ತಿರವಾದಾಗ ಅವರ ಹೊಲದ ಚೆಂಡುಹೂವಿಗೆ ಕೇರಳದಿಂದ ವ್ಯಾನು ಬರುತ್ತದೆ. ಆ ಸಲ ನಾನೂ ಚಾಮರಾಜನಗರದ ಆಫೀಸಿಗೆ ರಜೆ ಹಾಕಿ ಹೂ ಕೀಳಲು ಹೋಗಿದ್ದೆ. ಮೂಟೆ ಏರಿಸುತ್ತಿದ್ದ ಡ್ರೈವರ್ ಕಿವಿಯ ಪಕ್ಕದ ಕೂದಲು ಬೋಳಿಸಿ, ನೆತ್ತಿಯದಕ್ಕೆ ಕೆಂಚು ಬಣ್ಣ ಹಚ್ಚಿದ್ದ. ಚಿಕ್ಕಮ್ಮನನ್ನು ನೋಡಿ ನಗುತ್ತಾ, "ಫ್ರೀಕತ್ತಿ ಚೇಚಿ" ಎಂದ. ಚೇಚಿ ಎಂದರೆ ಅಕ್ಕ ಎಂದು ಎಲ್ಲರಿಗೂ ಗೊತ್ತು. ಇನ್ನೊಂದು ಮಾತು ಯಾರಿಗೂ ತಿಳಿಯಲಿಲ್ಲ. ಕೂಲಿಯ ಹೆಂಗಸರು ಕಿಸಕ್ಕನೆ ನಕ್ಕರು. ಚಿಕ್ಕಪ್ಪ ತೂಕ ಹಾಕುವುದನ್ನು ಬಿಟ್ಟು ಅವನೆದುರು ಹೋಗಿ ನಿಂತರು.

"ಏನ್ಲಾ ಅಂದೆ ನಮ್ಮನೆಯವಳ್ಗೆ?"

ಡ್ರೈವರ್ ಗಾಬರಿಯಾದ. ಅದು ಬೈಗುಳವಲ್ಲ, ಹೊಸ ಫ್ಯಾಷನ್ ಬಂದ ಕೂಡಲೇ ಹಿಡಿಯುವವರಿಗೆ ತಮ್ಮೂರಲ್ಲಿ ಹಾಗೆನ್ನುತ್ತಾರೆ, ಗಂಡಾದರೆ ಫ್ರೀಕನ್, ಹೆಣ್ಣಾದರೆ ಫ್ರೀಕತ್ತಿ ಎಂದು ಹರಕು ಕನ್ನಡದಲ್ಲಿ ವಿವರಿಸಿದ. ತನ್ನ ತಲೆ ಮುಟ್ಟಿ ತೋರಿಸಿ, ತಾನೂ ಫ್ರೀಕನ್ನೇ ಎಂದ. ವಯಸ್ಸಾದವರು ಬೈಯುವುದಕ್ಕೂ ಅದನ್ನೇ ಬಳಸುತ್ತಾರೆ ಎಂದೂ ಒಪ್ಪಿಕೊಂಡ.

ಚಿಕ್ಕಪ್ಪನಿಗೆ ಸಮಾಧಾನವಾಗಲಿಲ್ಲ. ಹಾಗಾದರೆ ಅದು ಒಳ್ಳೆಯ ಮಾತೋ ಕೆಟ್ಟದ್ದೋ ಎಂದು ಪಟ್ಟು ಹಿಡಿದರು. ಉತ್ತರ ಕೊಟ್ಟವಳು ಚಿಕ್ಕಮ್ಮ.

"ಅನ್ನೋರ ಮ್ಯಾಲೆ ಓಯ್ತದೆ, ಬುಡಿ. ಇವ್ನು ನಗ್ತಾ ಅಂದ. ನಮ್ಮೋರೇ ಮೂತಿ ತಿರುವ್ಕೊಂಡು ಶೋಕಿ ಅಂದಾಗ ನೀವು ಯಾರ್ನೂ ಇಂಗೆ ಕೇಳ್ನಿಲ್ವಲ್ಲ."

ಚಿಕ್ಕಪ್ಪ ತಕ್ಕಡಿಯ ಹತ್ತಿರ ಹಿಂತಿರುಗಿ ಮುಂದಿನ ಮೂಟೆ ತೂಗಿದರು.

ಕೂಲಿಯ ಹೆಂಗಸರು ಆ ಮಾತನ್ನು ಪ್ರೀಕತ್ತಿ ಎಂದು ಮಾಡಿಕೊಂಡು ಅವಳನ್ನು ಹಾಗೇ ಕರೆಯತೊಡಗಿದರು. ಊರಿಗೆ ಹೊಸದಾದ್ದರಿಂದ ಅದಕ್ಕಿನ್ನೂ ಕೊಂಕು ಅಂಟಿರಲಿಲ್ಲ. ಮುಂದಿನ ಹಂಗಾಮಿಗೆ ಅವರಲ್ಲಿ ಇಬ್ಬರು ಚೂಡಿದಾರದಲ್ಲೇ ಹೂ ಕೀಳಲು ಬಂದರು. ಒಂದು ಮದುವೆಮನೆಯಲ್ಲಿ ಓರಗಿತ್ತಿಯೊಬ್ಬಳು ಮತ್ತೆ ಶೋಕಿಯ ಮಾತೆತ್ತಿದಳು. ಚಿಕ್ಕಪ್ಪ ಊಟದ ಸಾಲಿನಿಂದಲೇ, ಅವಳು ಏನು ಹಾಕಿಕೊಂಡರೂ ಅವಳಿಷ್ಟ, ಇನ್ನು ಆ ಮಾತು ಬೇಡ ಎಂದರು. ದನಿ ಎತ್ತರಿಸಲಿಲ್ಲ. ಚಿಕ್ಕಮ್ಮ ತಲೆ ಎತ್ತಿ ಅವರನ್ನೊಮ್ಮೆ ನೋಡಿ, ಪಲ್ಯ ಬಡಿಸುವವನಿಗೆ ಇನ್ನಷ್ಟು ಹಾಕಲು ಹೇಳಿದಳು.